ಮೂರು ಸೇರಿನ ಗಂಟು

ಮಕ್ತಲ್
೪ ಎಪ್ರಿಲ್ ೧೯೪೮

ಚಿ. ಸೌ. ನರ್ಮದಾಳಿಗೆ ಅಪ್ಪನ ಆಶೀರ್ವಾದ.

ಈ ಪತ್ರವನ್ನು ನಾರಾಯಣಪೇಟೆಯ ಸೀರೆ ವ್ಯಾಪಾರಿ ಮಹಾಂತಯ್ಯನ ಕೈಯಲ್ಲಿ ಕೊಟ್ಟಿದ್ದೇನೆ. ಸೀರೆಗಳ ನಡುವೆ ಇಟ್ಟುಕೊಂಡು ಗದ್ವಾಲಕ್ಕೆ ತರುತ್ತಾನೆ. ಟಪ್ಪಾಲಿಗೆ ಹಾಕುವ ಕಾಲವಲ್ಲ ಇದು. ಓದಿ ಒಲೆಗೆ ಹಾಕು.

ನಿನ್ನ ಗಂಡ ಹೊಳೆ ದಾಟಿ ಕರ್ನೂಲು ಕಡೆ ನಿಜಾಮರ ವಿರುದ್ಧ ಹೋರಾಡುವವರ ಕ್ಯಾಂಪು ಸೇರಿದ ಮೇಲೆ ನಿಮ್ಮ ಮನೆಗೆ ಎರಡು ಸಲ ಪೊಲೀಸರು ಬಂದು ಹೋದರಂತೆ. ವಿಜಯೀಂದ್ರ ಮಾಡಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಐದು ತಿಂಗಳ ಬಸುರಿಯನ್ನೂ ಮುದಿ ತಾಯಿಯನ್ನೂ ಬಿಟ್ಟು ಹೋಗುವಾಗ ಮುಂದಿನದನ್ನು ಸ್ವಲ್ಪ ಯೋಚಿಸಬೇಕಿತ್ತು. ಮೂರನೆಯ ಸಲ ಬಂದವರು ಬರೀ ಕೇಳಿ ಹೋಗುವುದಿಲ್ಲ. ನನಗೆ ಅನ್ನ ಇಳಿಯುತ್ತಿಲ್ಲ ಮಗಳೇ.

ನೀನೂ ನಿನ್ನ ಅತ್ತೆ ಕಾಶೀಬಾಯಿಯವರೂ ಬೆಂಗಳೂರಿನಲ್ಲಿರುವ ನನ್ನ ತಂಗಿ ಇಂದಿರಾಬಾಯಿಯ ಮನೆಗೆ ಹೋಗಬೇಕು. ಕರ್ನೂಲಿನ ರೈಲು ಬೇಡ. ಕರ್ನೂಲಿಗೆ ಓಡಿದವನ ಹೆಂಡತಿಯನ್ನು ಕರ್ನೂಲಿನ ದಾರಿಯಲ್ಲೇ ಹುಡುಕುತ್ತಾರೆ. ಹೈದರಾಬಾದಿನ ಕಡೆ ಹೋಗುವವರನ್ನು ಯಾರೂ ಕೇಳುವುದಿಲ್ಲ. ಅಲ್ಲಿ ನನ್ನ ಚಿಕ್ಕಪ್ಪನ ಮಗ ರಾಘಣ್ಣ ಇದ್ದಾನೆ. ಅಲ್ಲಿಂದ ಬೆಂಗಳೂರಿಗೆ ವಿಮಾನ. ಹೌದು, ವಿಮಾನವೇ. ಬಾಯಿ ಮುಚ್ಚಿಕೋ, ನೊಣ ಹೊಕ್ಕೀತು. ಮೇ ಇಪ್ಪತ್ತಕ್ಕೆ ಎರಡು ಟಿಕೀಟು ಆಗಿದೆ. ನಿನ್ನ ಅವ್ವನ ಬಳೆ ಅದಕ್ಕೆ ಹೋದವು, ಆ ಮಾತು ಇಲ್ಲಿಗೇ ಸಾಕು.

ಈಗ ಮುಖ್ಯ ವಿಷಯ. ವಿಮಾನದಲ್ಲಿ ಒಬ್ಬರಿಗೆ ನಲವತ್ನಾಲ್ಕು ಪೌಂಡು ಸಾಮಾನು ಪುಕ್ಕಟೆ. ಅದರ ಮೇಲೆ ಪೌಂಡಿಗಿಷ್ಟು ಎಂದು ಕೀಳುತ್ತಾರೆ. ನಮ್ಮ ಪಕ್ಕಾ ಸೇರಿನಲ್ಲಿ ಅದು ಇಪ್ಪತ್ತೊಂದು ಸೇರು, ಮೇಲೆ ಮೂವತ್ತು ತೊಲ. ಇಬ್ಬರದನ್ನೂ ಕೂಡಿಸಿ ಒಂದೇ ಸಲ ತೂಗಿಸಿರಿ. ಒಬ್ಬರದು ಹೆಚ್ಚಿದ್ದರೆ ಇನ್ನೊಬ್ಬರದರಲ್ಲಿ ಮುಚ್ಚಿಹೋಗುತ್ತದೆ. ಮೂವತ್ತೊಂದು ವರ್ಷ ಕೃಷ್ಣೆಯ ದಂಡೆಯ ಕರೋಡಗಿರಿ ನಾಕಾದಲ್ಲಿ ಸುಂಕದ ತಕ್ಕಡಿ ಹಿಡಿದವನು ನಾನು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನೂ ಆಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಲ್ಲಿ ತೂಕವೊಂದೇ ಮಾತಾಡುವುದು. ಆದ್ದರಿಂದ ಏನೇನು ಒಯ್ಯುತ್ತೀರಿ ಬರೆದು ಕಳಿಸು.

ನಿನ್ನ ಅಪ್ಪ
ಪ್ರಾಣೇಶರಾವ್


ಗದ್ವಾಲ
೧೧ ಎಪ್ರಿಲ್ ೧೯೪೮

ತೀರ್ಥರೂಪ ಅಪ್ಪನಿಗೆ ನರ್ಮದಾಳ ನಮಸ್ಕಾರ.

ನಿಮ್ಮ ಪತ್ರವನ್ನು ಒಲೆಗೆ ಹಾಕಲಿಲ್ಲ. ಸಿಟ್ಟಾಗಿ.

ಎರಡು ಟಿಕೀಟು ಎಂದು ಬರೆದಿದ್ದೀರಿ. ನಿಮ್ಮದು ಎಲ್ಲಿ? 'ನಾನು ಹಿಂದಿನಿಂದ ಬರುತ್ತೇನೆ' ಎನ್ನುತ್ತೀರಿ, ಗೊತ್ತಿದೆ. ತುಪ್ಪ ಸಾಲದ ದಿನ 'ನನಗೆ ತುಪ್ಪ ಸೇರೂದಿಲ್ಲವಾ' ಎಂದವರು ನೀವು. ಒಂದೇ ಹೊದಿಕೆ ಇದ್ದಾಗ 'ನನಗ ಸೆಕಿ ಆಗ್ತದ' ಎಂದು ಪಡಸಾಲೆಯಲ್ಲಿ ಮಲಗಿದವರು ನೀವು. ನಿಮ್ಮ ಈ ಸುಳ್ಳುಗಳನ್ನು ನಾನು ಏಳು ವರ್ಷದವಳಿದ್ದಾಗಿನಿಂದ ಬಲ್ಲೆ.

ಅತ್ತೆಯವರು ಬರುವುದಿಲ್ಲವೆಂದು ಎರಡು ದಿನ ಕೂತರು. "ಇಮಾನದಾಗ ಯಾರ್ಯಾರು ಮುಟ್ಟಿರ್ತಾರೋ, ಮಡಿ ಎಲ್ಲಿ ಉಳೀತದ? ಬೆಂಗಳೂರಾಗ ನಳದ ನೀರಂತ. ನಳದೊಳಗ ಚರ್ಮದ ಬಿಲ್ಲಿ ಇರ್ತದಂತ. ಸತ್ತರೂ ನಾ ಕುಡಿಯಂಗಿಲ್ಲ" ಎಂದರು. ಕಡೆಗೆ ಕೃಷ್ಣೆಯ ನೀರನ್ನು ತಾಮ್ರದ ತಂಬಿಗೆಯಲ್ಲಿ ಒಯ್ಯುವುದು, ಮಡಿಬಟ್ಟೆಯನ್ನು ಅವರ ಹೊರತು ಯಾರೂ ಮುಟ್ಟದಿರುವುದು ಎಂಬ ಕರಾರಿನ ಮೇಲೆ ಒಪ್ಪಿದ್ದಾರೆ.

ನನ್ನದು ಒಂದೇ ಕರಾರು. ನಿಮ್ಮ ಹತ್ತಿರ ಇರುವ ಅವ್ವನ ಕೌದಿ ನನಗೆ ಬೇಕು. ಭಾರವಾದರೂ ಬೇಕು. ಮೊದಲನೆಯ ಕೂಸು ಹುಟ್ಟಿದಾಗ ಅವ್ವ ಇನ್ನೂ ಅದನ್ನು ಹೊಲಿಯುತ್ತಿದ್ದಳು. ಕಣ್ಣು ಮಂಜಾಗಿ ಸೂಜಿಗೆ ನೂಲು ಏರಿಸುವುದಕ್ಕೂ ಆಗದೆ ತಡವಾಯಿತು. ಅಂಗಡಿಯಿಂದ ತಂದ ಹೊಸ ರಗ್ಗಿನ ಮೇಲೆ ಕೂಸನ್ನು ಮಲಗಿಸಿದೆವು. ಒಂಬತ್ತು ದಿನ ಬದುಕಿತ್ತು. ಇದು ಮೂಢತನ ಎಂದು ನಿಮ್ಮ ಅಳಿಯ ಹೇಳುತ್ತಿದ್ದರು. ಇರಲಿ. ಈ ಕೂಸನ್ನು ನಾನು ಅವ್ವನ ಕೌದಿಯ ಮೇಲೆಯೇ ಮಲಗಿಸುತ್ತೇನೆ. ಅದಿಲ್ಲದೆ ವಿಮಾನ ಹತ್ತುವುದಿಲ್ಲ.

ನಿಮ್ಮ ಮಗಳು
ನರ್ಮದಾ


ಮಕ್ತಲ್
೧೮ ಎಪ್ರಿಲ್ ೧೯೪೮

ಚಿ. ಸೌ. ನರ್ಮದಾಳಿಗೆ ಆಶೀರ್ವಾದ.

ನಿನ್ನ ಅವ್ವನ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದು ತೂಗಿದೆ. ಮೂರು ಸೇರಿಗೆ ಏಳು ತೊಲ ಕಡಿಮೆ. ಸರಿಯಾಗಿ ಆರು ಪೌಂಡು. ಆ ಪುಣ್ಯಾತ್ಗಿತ್ತಿ ಕೂಸಿಗೆ ಹೊದಿಕೆ ಹೊಲಿದಳೋ ಎತ್ತಿಗೆ ಜೂಲು ಹೊಲಿದಳೋ ತಿಳಿಯದು. ಏಳು ಪದರ ಹಾಕಿದ್ದಾಳೆ. ಬೈದುಕೊಳ್ಳುತ್ತಲೇ ಬಿಸಿಲಿಗೆ ಹಾಕಿದೆ. ಕಳಿಸುತ್ತೇನೆ.

ಕೌದಿ ಬರಬೇಕಾದರೆ ಬೇರೆಯದು ಬಿಡಬೇಕು. ತಗಡಿನ ಟ್ರಂಕು ಬೇಡ, ಖಾಲಿ ಟ್ರಂಕೇ ಆರು ಸೇರು ತೂಗುತ್ತದೆ. ಡಬ್ಬಿಗೆ ಸುಂಕ ಕೊಡುವ ಜಾಣತನ ನಮಗೆ ಬೇಡ. ಜಮಖಾನೆಯಲ್ಲಿ ಗಂಟು ಕಟ್ಟಿ. ಅಕ್ಕಿ ಬೇಳೆ ಬೇಡ, ಇಂದಿರಾ ಉಪವಾಸ ಕೆಡಹುವುದಿಲ್ಲ. ಉಪ್ಪಿನಕಾಯಿ ಭರಣಿ ಬೇಡವೇ ಬೇಡ. ಮೈಮೇಲೆ ಉಟ್ಟದ್ದನ್ನು ತೂಗುವುದಿಲ್ಲವೆಂದು ರಾಘಣ್ಣ ಕೇಳಿಕೊಂಡು ಬಂದಿದ್ದಾನೆ. ಎರಡು ಸೀರೆ ಉಟ್ಟುಕೊಂಡು ಹೋಗು. ಬಸುರಿಗೆ ಎರಡು ಸುತ್ತು ಹೆಚ್ಚಾದರೆ ಯಾರಿಗೂ ತಿಳಿಯುವುದಿಲ್ಲ. ಕೈಚೀಲವನ್ನೂ ತೂಗುತ್ತಾರೆ, ಮರೆಯಬೇಡ. ಊರಿಗೊಂದು ತಕ್ಕಡಿ, ತಕ್ಕಡಿಗೊಂದು ಸುಳ್ಳು ಇರುತ್ತದೆ. ಅದಕ್ಕೆಂದು ಒಂದೂವರೆ ಸೇರು ಖಾಲಿ ಬಿಡು. ಕಾಶೀಬಾಯಿಯವರಿಗೆ ತಂಬಿಗೆ ನೀರೇ ಒಂದು ಸೇರು ಆಗುತ್ತದೆಂದು ವಿನಯದಿಂದ ಹೇಳು. ಬೆಂಗಳೂರಿನಲ್ಲಿ ಬಾವಿಗಳೂ ಇವೆ ಎಂದೂ ಹೇಳು.

ಇದಲ್ಲದೆ ನನ್ನದೆಂದು ಮೂರು ಸೇರು ಜಾಗ ಇಡು. ಏನು ಎತ್ತ ಎಂದು ಕೇಳಬೇಡ.

ನನ್ನ ಟಿಕೀಟಿನ ಮಾತನ್ನು ನೀನು ಬಿಡು.

ಅಪ್ಪ


ಗದ್ವಾಲ
೩೦ ಎಪ್ರಿಲ್ ೧೯೪೮

ಅಪ್ಪನಿಗೆ ನಮಸ್ಕಾರ.

ಮೂರನೆಯ ಸಲ ಬಂದಿದ್ದರು. ಮೊನ್ನೆ ಮಧ್ಯಾಹ್ನ. ಪಕ್ಕದ ಮನೆಯ ಗುರುಲಿಂಗಮ್ಮ ಮುಂಚೆಯೇ ನೋಡಿ ಹಿತ್ತಲ ಬಾಗಿಲಿಂದ ನನ್ನನ್ನು ಎಳೆದುಕೊಂಡು ಹೋಗಿ ಜೋಳದ ಹಗೇವಿನ ಕೋಣೆಯಲ್ಲಿ ಕೂಡಿಸಿದಳು. ಎರಡು ತಾಸು. ಬೆವರು, ಧೂಳು, ಒಳಗೆ ಕೂಸು ಒದೆಯುತ್ತಿತ್ತು. ಅತ್ತೆಯವರು ಹೊಸ್ತಿಲ ಮೇಲೆ ಕೂತು, "ಸೊಸಿ ತೌರಿಗೆ ಹೋಗ್ಯಾಳ. ನಾ ಮಡಿಯೊಳಗಿದ್ದೀನಿ, ಒಳಗ ಬರಬ್ಯಾಡ್ರಿ" ಎಂದರಂತೆ. ಅವರನ್ನು ದಾಟಿಕೊಂಡೇ ಒಳಗೆ ಹೋದರು. ನಿಮ್ಮ ಅಳಿಯನ ಪುಸ್ತಕಗಳನ್ನೆಲ್ಲ ಬಾವಿಗೆ ಹಾಕಿದರು. ಹೋಗುವಾಗ, "ತೌರು ಮಕ್ತಲ ಅಲ್ಲೇನು, ನೋಡ್ತೀವಿ" ಎಂದರಂತೆ.

ಅಪ್ಪಾ, ಅವರು ನಿಮ್ಮಲ್ಲಿಗೆ ಬರುತ್ತಾರೆ. ನಮ್ಮ ಜೊತೆ ಬಂದುಬಿಡಿ. ನಿಮ್ಮ ಕಾಲಿಗೆ ಬೀಳುತ್ತೇನೆ. ಅತ್ತೆಯವರಿಗೆ ಒಪ್ಪಿದ ಮೇಲೂ ಹೋಗಲು ಮನಸ್ಸಿಲ್ಲ, ಆ ಟಿಕೀಟಿನಲ್ಲಿ ನೀವು ಬನ್ನಿ ಎಂದು ಬರೆಯಲು ಕೂತಿದ್ದೆ. ಬರೆಯುವಾಗ ಅವರು ಪಕ್ಕದಲ್ಲಿ ನನ್ನ ಊದಿದ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಬರೆಯಲಾಗಲಿಲ್ಲ.

ಗುರುಲಿಂಗಮ್ಮನ ಗಂಡನ ಧಾನ್ಯದ ತಕ್ಕಡಿಯಲ್ಲಿ ಎಲ್ಲ ತೂಗಿದೆವು. ಕೌದಿಗೆ ಮೂರು, ನಿಮ್ಮ ಮೂರು ಹಿಡಿದು ನಲವತ್ತೊಂದೂಕಾಲು ಸೇರು. ನೀವು ಹೇಳಿದಂತೆ ಒಂದೂವರೆ ಸೇರು ಖಾಲಿ ಇದೆ.

ನರ್ಮದಾ


ಮಕ್ತಲ್
೧೦ ಮೇ ೧೯೪೮

ಚಿ. ಸೌ. ನರ್ಮದಾಳಿಗೆ ಆಶೀರ್ವಾದ.

ಮಹಾಂತಯ್ಯನ ಸಂಗಡ ಎರಡು ಗಂಟು ಕಳಿಸಿದ್ದೇನೆ. ದೊಡ್ಡದು ಕೌದಿ. ಚಿಕ್ಕದು ನನ್ನದು. ದಪ್ಪ ಖಾದಿಯಲ್ಲಿ ಹಾಕಿ ಬಾಯಿ ಹೊಲಿದಿದ್ದೇನೆ. ಬಿಚ್ಚಬೇಡ. ನೋಡಲು ಚಿಕ್ಕದಾದರೂ ತೂಕ ಮೂರು ಸೇರಿಗೆ ಏಳು ತೊಲ ಕಡಿಮೆ.

ಮನಸ್ಸಿಟ್ಟು ಓದು. ವಿಮಾನದವರ ತಕ್ಕಡಿಯಲ್ಲಿ ಭಾರ ಹೆಚ್ಚಾಯಿತು ಎಂದರೆ ಮೊದಲು ನನ್ನ ಗಂಟನ್ನು ತೆಗೆದು ಅವರ ಮುಂದೆ ಬಿಸಾಡು. ಒಂದು ಕ್ಷಣವೂ ಯೋಚಿಸಬೇಡ. ಕೌದಿಯನ್ನು ಮಾತ್ರ ಮುಟ್ಟಬೇಡ. ನಿನ್ನ ಸೆರಗಿನಲ್ಲಿ ಹೆಚ್ಚಿನ ಭಾರಕ್ಕೆಂದು ಹದಿನೈದು ರೂಪಾಯಿ ಕಟ್ಟಿಕೊಂಡಿರು, ಆದರೆ ಅದು ಕಡೆಯ ದಾರಿ.

ಬೀಳ್ಕೊಡಲು ನಾನು ಬರುವುದಿಲ್ಲ. ಮೂರು ದಿನಕ್ಕೊಮ್ಮೆ ಇಲ್ಲಿಯ ಠಾಣೆಗೆ ಹೋಗಿ ಮುಖ ತೋರಿಸಬೇಕೆಂದು ಹೇಳಿದ್ದಾರೆ. ಹೆದರಬೇಡ. ಅಲ್ಲಿಯ ಅಮೀನರು ನಾಕಾದ ದಿನಗಳಿಂದ ಪರಿಚಯ. ಚಹಾ ಕೊಡುತ್ತಾರೆ.

ಹೋಗಿ ಬಾ ಮಗಳೇ.

ಅಪ್ಪ


ಬೆಂಗಳೂರು
೨೪ ಮೇ ೧೯೪೮

ತೀರ್ಥರೂಪ ಅಪ್ಪನಿಗೆ ನಮಸ್ಕಾರ.

ಸುಖವಾಗಿ ಬಂದು ಮುಟ್ಟಿದೆವು. ಇಂದಿರತ್ತೆ ನಿಲ್ದಾಣಕ್ಕೇ ಬಂದಿದ್ದರು. ವಿಮಾನ ಮೇಲೇರುವಾಗ ನಮ್ಮ ಅತ್ತೆಯವರು ಕಣ್ಣು ಮುಚ್ಚಿಕೊಂಡು ರಾಯರ ಹೆಸರು ಹೇಳುತ್ತ ನನ್ನ ಕೈ ಹಿಡಿದಿದ್ದರು. ಇಳಿದ ಮೇಲೆ, "ಇಷ್ಟೇನಾ?" ಎಂದರು. ಇಂದಿರತ್ತೆಯ ಮನೆಯಲ್ಲಿ ಬಾವಿ ಇದೆ. ಆದ್ದರಿಂದ ಅವರು ಬದುಕಿಕೊಂಡರು.

ನಿಮ್ಮ ಗಂಟು ಕ್ಷೇಮವಾಗಿದೆ. ನನ್ನ ತಲೆಯ ಹತ್ತಿರ ಗೂಡಿನಲ್ಲಿ ಇಟ್ಟುಕೊಂಡಿದ್ದೇನೆ. ನೀವು ಬಂದ ಮೇಲೆ ನಿಮ್ಮ ಕೈಯಿಂದಲೇ ಬಿಚ್ಚಬೇಕು. ಬೇಗ ಬನ್ನಿ. ಇನ್ನೇನು ಬರೆಯಲಿ, ಇಷ್ಟಕ್ಕೇ ಮುಗಿಸುತ್ತೇನೆ. ಪ್ರಯಾಣದ ಆಯಾಸ.

ನರ್ಮದಾ


ಮಕ್ತಲ್
೮ ಜೂನ್ ೧೯೪೮

ಚಿ. ಸೌ. ನರ್ಮದಾಳಿಗೆ ಆಶೀರ್ವಾದ.

ನಿನ್ನ ಕಾರ್ಡು ಓದಿ ಇಪ್ಪತ್ತು ದಿನಗಳಿಂದ ಹಿಡಿದಿದ್ದ ಉಸಿರು ಬಿಟ್ಟೆ. ನನ್ನ ಗಂಟು ಕ್ಷೇಮ ಎಂದು ಬರೆದಿದ್ದೀ. ಅಂದರೆ ತೂಕ ಹೆಚ್ಚಾಗಲಿಲ್ಲ! ಮಹಾಂತಯ್ಯನನ್ನು ಕರೆದು ಓದಿ ಹೇಳಿದೆ. ಒಂದೂವರೆ ಸೇರು ಖಾಲಿ ಬಿಡಿಸಿದ ನನ್ನ ಬುದ್ಧಿಗೆ ನಾನೇ ಶಾಭಾಸ್ ಹೇಳಿಕೊಂಡೆ.

ಇನ್ನು ಅದನ್ನು ಬಿಚ್ಚಿ ನಗು. ನನಗಾಗಿ ಕಾಯಬೇಕಿಲ್ಲ. ಒಳಗಿರುವುದು ಕೃಷ್ಣೆಯ ಮರಳು, ಮತ್ತೇನೂ ಇಲ್ಲ. ನಾಕಾದಲ್ಲಿ ಜಾಣ ವ್ಯಾಪಾರಿಗಳು ಒಂದು ಉಪಾಯ ಮಾಡುತ್ತಿದ್ದರು. ತಕ್ಕಡಿಯ ಮುಂದೆ ನಿಂತ ಅಧಿಕಾರಿಗೆ ಏನಾದರೂ ಒಂದನ್ನು ಬಿಡಿಸದೆ ಸಮಾಧಾನ ಇರುವುದಿಲ್ಲ. ಅದಕ್ಕೆ ಅವರು ಬಿಡುವುದಕ್ಕೆಂದೇ ಒಂದು ಗಂಟು ತರುತ್ತಿದ್ದರು. ಅಯ್ಯೋ ಎಂದು ಬಾಯಿ ಬಡಿದುಕೊಂಡು ಅದನ್ನು ಬಿಡುವರು, ಬೇಕಾದದ್ದನ್ನು ಒಯ್ಯುವರು. ಗೊತ್ತಿದ್ದೂ ನಾನು ಎಷ್ಟೋ ಜನರನ್ನು ಬಿಟ್ಟಿದ್ದೇನೆ. ನಿನಗೆ ಮೊದಲೇ ಹೇಳಿದ್ದರೆ ನಿನ್ನ ಮುಖದ ಮೇಲೆ ಎಲ್ಲ ಬರೆದಿರುತ್ತಿತ್ತು. ಹುಟ್ಟಿದಾಗಿನಿಂದ ನಿನಗೆ ಸುಳ್ಳು ಹೇಳಲು ಬಂದಿಲ್ಲ.

ಮರಳನ್ನು ಇಂದಿರಾಳ ಅಂಗಳಕ್ಕೆ ಚೆಲ್ಲು. ಕೌದಿಗೆ ಎರಡು ದಿನ ಬಿಸಿಲು ಕಾಣಿಸು. ಬೆಂಗಳೂರು ಥಂಡಿ ಊರು, ಏಳು ಪದರ ಹಾಕಿದ ನಿನ್ನ ಅವ್ವ ದಡ್ಡಿಯಲ್ಲ ಎಂದು ಈಗ ಅನಿಸುತ್ತದೆ.

ಅಪ್ಪ


ಬೆಂಗಳೂರು
೨೨ ಜೂನ್ ೧೯೪೮

ಅಪ್ಪನಿಗೆ ನಮಸ್ಕಾರ.

ಬಿಚ್ಚಿದೆ. ನಕ್ಕೆ. ಕೌದಿಯನ್ನು ಬಿಸಿಲಿಗೆ ಹಾಕಿದ್ದೇನೆ.

ನೀವು ಯಾವಾಗ ಬರುತ್ತೀರಿ?

ನರ್ಮದಾ


ಮಕ್ತಲ್
೨೦ ಜುಲೈ ೧೯೪೮

ಚಿ. ಸೌ. ನರ್ಮದಾಳಿಗೆ ಆಶೀರ್ವಾದ.

ಹಿಂದೂಸ್ಥಾನದವರು ಗಡಿ ಬಂದ್ ಮಾಡಿದ್ದರಿಂದ ಬೆಂಗಳೂರಿನ ವಿಮಾನಗಳು ನಿಂತುಹೋದವು ಎಂದು ರಾಘಣ್ಣ ತಿಳಿಸಿದ್ದಾನೆ. ರೈಲಿನ ಮಾತೂ ಇಲ್ಲ. ನಾನು ಬರುವುದು ಸ್ವಲ್ಪ ತಡವಾಗುತ್ತದೆ.

ಮಧ್ಯದಲ್ಲಿ ಎಂಟು ದಿನ ಠಾಣೆಯಲ್ಲಿ ಇರಿಸಿಕೊಂಡಿದ್ದರು. ಅಳಿಯನ ವಿಷಯ ಕೇಳಿದರು. ನನಗೆ ಗೊತ್ತಿದ್ದರೆ ತಾನೆ ಹೇಳುವುದು. ಅಮೀನರು ಬದಲಾಗಿದ್ದಾರೆ, ಚಹಾ ಇಲ್ಲ. ನೆಲ ಹಸಿ ಇತ್ತು. ಬಂದ ಮೇಲೆ ದಿನ ಬಿಟ್ಟು ದಿನ ಜ್ವರ ಬರುತ್ತಿದೆ. ಊರಲ್ಲಿ ಉಪ್ಪೂ ಇಲ್ಲ, ಕ್ವಿನೈನ್ ಗುಳಿಗೆಯೂ ಇಲ್ಲ. ಮಹಾಂತಯ್ಯ ಎಲ್ಲಿಂದಲೋ ಕಷಾಯದ ಕಡ್ಡಿ ತಂದು ಕುದಿಸಿ ಕೊಡುತ್ತಾನೆ. ಅವನ ಕಷಾಯಕ್ಕಿಂತ ಜ್ವರವೇ ಮೇಲು.

ದಿನ ತುಂಬುತ್ತ ಬಂದವಲ್ಲ. ಕೌದಿಯ ಒಂದು ಮೂಲೆಯಲ್ಲಿ ಹಸಿರು ಚೌಕಡಿಯ ತುಂಡು ಇದೆ, ನೋಡಿದ್ದೀಯಾ? ನಿನ್ನ ಅವ್ವ ನನ್ನ ಮನೆಗೆ ಬಂದ ದಿನ ಉಟ್ಟಿದ್ದ ನಾರಾಯಣಪೇಟೆ ಸೀರೆ ಅದು. ಕೂಸಿನ ತಲೆ ಆ ಕಡೆ ಇರಲಿ. ಮಲಗಿಸಿದ ಮೇಲೆ ಒಂದು ಸಾಲು ಬರೆದು ಹಾಕು. 'ಹಸಿರು ತುಂಡಿನ ಮೇಲೆ ಮಲಗಿದೆ' ಎಂದು ಬರೆದರೆ ಸಾಕು, ಬೇರೇನೂ ಬೇಡ. ನನಗೆ ಈಗ ಅದೊಂದೇ ಓದಬೇಕೆಂದು ಆಸೆ.

ಅಪ್ಪ


ಬೆಂಗಳೂರು
೨೪ ಆಗಸ್ಟ್ ೧೯೪೮

ತೀರ್ಥರೂಪ ಅಪ್ಪನ ಪಾದಗಳಿಗೆ.

ಹದಿನಾರನೆಯ ತಾರೀಖು ಹೆಣ್ಣುಕೂಸು ಹುಟ್ಟಿದೆ. ಐದು ಪೌಂಡು ಎಂದು ದವಾಖಾನೆಯಲ್ಲಿ ತೂಗಿ ಹೇಳಿದರು. ನೀವು ಕಳಿಸಿದ ಗಂಟಿಗಿಂತ ಹಗುರ. ಇಂದಿಗೆ ಒಂಬತ್ತನೆಯ ದಿನ. ನಿನ್ನೆಯಿಂದ ನಾನು ಕಣ್ಣು ಮುಚ್ಚಿಲ್ಲ. ಅದರ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದೇನೆ.

ಅಪ್ಪಾ, ಕೂಸು ಹಸಿರು ತುಂಡಿನ ಮೇಲೆ ಮಲಗಿಲ್ಲ. ಕೌದಿ ಇಲ್ಲ. ಮೂರು ತಿಂಗಳಿಂದ ನಿಮಗೆ ಸುಳ್ಳು ಬರೆಯುತ್ತಿದ್ದೇನೆ. ಕೂಸನ್ನು ನೋಡಿದರೆ ಆ ಸುಳ್ಳಿಗೆ ಇದರ ಮೇಲೆ ಏನು ಬರುತ್ತದೋ ಎಂದು ಜೀವ ಹೋಗುತ್ತದೆ. ಇಂದು ಬರೆದುಬಿಡುತ್ತೇನೆ.

ಹೈದರಾಬಾದಿನಲ್ಲಿ ಅಂದು ನಸುಕಿಗೇ ಎದ್ದು ಅತ್ತೆಯವರು ರಾಘಣ್ಣ ಕಾಕಾನ ಬಾವಿಯಲ್ಲಿ ತಮ್ಮ ಮಡಿಬಟ್ಟೆಯನ್ನೆಲ್ಲ ನೆನೆಸಿಬಿಟ್ಟಿದ್ದರು. ರೈಲಿನಲ್ಲಿ ಯಾರೋ ಗಂಟು ಮುಟ್ಟಿದ್ದರಂತೆ, ಮಡಿ ಕೆಟ್ಟಿತಂತೆ. ಮೂರು ಸೀರೆ, ಎರಡು ಪಂಚೆ. ಒಣಗಿಸಲು ಹೊತ್ತಿಲ್ಲ. ಹಿಂಡಿ ಹಾಗೆಯೇ ಗಂಟಿನಲ್ಲಿ ಕಟ್ಟಿದ್ದರು. ನನಗೆ ಹೇಳಿರಲಿಲ್ಲ. ನೀವು ಎಲ್ಲವನ್ನೂ ಯೋಚಿಸಿದ್ದಿರಿ, ಒದ್ದೆ ಸೀರೆಯನ್ನು ನೀವೂ ಯೋಚಿಸಿರಲಿಲ್ಲ.

ತಕ್ಕಡಿಯ ಮುಳ್ಳು ತೊಂಬತ್ತಾರಕ್ಕೆ ಹೋಗಿ ನಿಂತಿತು. ಎಂಟು ಪೌಂಡು ಹೆಚ್ಚು. ಸೆರಗು ಬಿಚ್ಚಿ ರೂಪಾಯಿ ಮುಂದಿಟ್ಟೆ. ತೂಗುತ್ತಿದ್ದವರು ಒಳ್ಳೆಯ ಮನುಷ್ಯರು, "ವಿಮಾನ ತುಂಬಿದೆಯಮ್ಮಾ, ಇಂದು ಹಣ ಕೊಟ್ಟರೂ ಒಂದು ಪೌಂಡು ಒಯ್ಯುವ ಹಾಗಿಲ್ಲ" ಎಂದರು. ಅತ್ತೆಯವರ ಮುಖ ಬಿಳಿಚಿಹೋಯಿತು. ತಂಬಿಗೆ ತೆಗೆದುಕೊಂಡು ಹೋಗಿ ಕೃಷ್ಣೆಯ ನೀರನ್ನು ಹೊರಗಿನ ಬೇವಿನ ಬುಡಕ್ಕೆ ಹಾಕಿ ಬಂದರು. ಎರಡು ಪೌಂಡು ಇಳಿಯಿತು. ಇನ್ನೂ ಆರು. ಅವರು ಒದ್ದೆ ಸೀರೆ ತೆಗೆಯಲು ಹೋದರು. ಅವರಿಗೆ ಉಡಲು ಬೇರೆ ಏನಿದೆ ಅಪ್ಪಾ? ನಾನು ಕೈ ಹಿಡಿದೆ.

ನಿಮ್ಮ ಗಂಟನ್ನೇ ಮೊದಲು ಬಿಸಾಡು ಎಂದು ಬರೆದಿದ್ದಿರಿ. ಆ ಗಂಟು ನನ್ನ ಕೈಯಲ್ಲೇ ಇತ್ತು. ಆದರೆ ನೀವು ಯಾವಾಗಲೂ ಹಾಗೆಯೇ ಹೇಳುವವರು. ತುಪ್ಪ ಬೇಡ, ಹೊದಿಕೆ ಬೇಡ, ಮೊದಲು ನನ್ನದು ತೆಗೆ. ಇದೂ ನಿಮ್ಮ ಹಳೆಯ ಸುಳ್ಳು ಎಂದುಕೊಂಡೆ. ಒಳಗೆ ನಿಮ್ಮ ಹತ್ತಿರ ಉಳಿದಿರುವುದೆಲ್ಲ ಇದೆ, ನೀವು ಇನ್ನು ಬರುವುದಿಲ್ಲ ಎಂದುಕೊಂಡೆ. ಅವ್ವ ಹೋಗಿದ್ದಾಳೆ, ಅಪ್ಪ ಇದ್ದಾನೆ ಎಂದು ಮನಸ್ಸು ಲೆಕ್ಕ ಹಾಕಿತು. ಕೌದಿ ತೆಗೆದು ಬೆಂಚಿನ ಮೇಲೆ ಇಟ್ಟೆ.

ಅಲ್ಲಿ ಕಸ ಗುಡಿಸುತ್ತಿದ್ದ ಮೈಸಮ್ಮ ಎಂಬವಳು ಬಂದು, "ತೀಸ್ಕಪೋನಾ ಅಮ್ಮಾ?" ಎಂದಳು. ತೀಸ್ಕೋ, ಒಯ್ಯಿ ಎಂದೆ. ಅವಳು ಅದನ್ನು ಮುಖಕ್ಕೆ ಒತ್ತಿ ಮೂಸಿ ನೋಡಿದಳು. ನಾನು ತಿರುಗಿ ನೋಡಲಿಲ್ಲ.

ಬೈಯಿರಿ. ಬಾಯಿಗೆ ಬಂದಂತೆ ಬೈದು ಒಂದು ಪತ್ರ ಬರೆಯಿರಿ. ಸುಮ್ಮನೆ ಮಾತ್ರ ಇರಬೇಡಿ.

ನಿಮ್ಮ
ನರ್ಮದಾ


ನಾರಾಯಣಪೇಟೆ
೧೪ ಅಕ್ಟೋಬರ್ ೧೯೪೮

ನರ್ಮದಮ್ಮ ತಾಯಿಗೆ ಮಹಾಂತಯ್ಯನ ಶರಣು.

ನನಗೆ ಬರೆಯುವ ರೂಢಿ ಇಲ್ಲ. ತಪ್ಪಿದ್ದರೆ ಮಾಫಿ ಇರಲಿ. ಟಪ್ಪಾಲು ಈಗ ಮತ್ತೆ ಓಡುತ್ತಿದೆ ಎಂದು ಬರೆಯುತ್ತಿದ್ದೇನೆ.

ನಿಮ್ಮ ಅಪ್ಪ ಶ್ರಾವಣ ಹಿಡಿಯುವ ಮುಂಚೆಯೇ ಹೋದರು ತಾಯೀ. ಆಗಸ್ಟ್ ಐದನೇ ತಾರೀಖು ಬೆಳಿಗ್ಗೆ. ಜ್ವರ ತಲೆಗೇರಿತ್ತು. ಮಕ್ತಲದ ಆಚಾರರು ಕ್ರಿಯೆ ಮಾಡಿದರು. ಹರಗೋಲಿನ ಭೀಮಯ್ಯ ಬೂದಿಯನ್ನು ಹೊಳೆಯ ನಡುವಿನ ತನಕ ಒಯ್ದು ಬಿಟ್ಟ. ಬಾಡಿಗೆ ಮುಟ್ಟಲಿಲ್ಲ.

ನಿಮ್ಮ ಒಂದು ಲಕೋಟೆ ಅವರು ಹೋದ ಮೇಲೆ ಬಂತು. ನಾನು ಇಟ್ಟುಕೊಂಡಿದ್ದೇನೆ, ಒಡೆದಿಲ್ಲ. ಹೋದ ತಿಂಗಳು ಹಿಂದೂಸ್ಥಾನದ ದಂಡು ಬಂದು ನಿಜಾಮರ ಕಾಲ ನಾಲ್ಕೈದು ದಿನದಲ್ಲಿ ಮುಗಿದುಹೋಯಿತು. ನಿಮ್ಮ ಯಜಮಾನರು ಕರ್ನೂಲಿನಿಂದ ಬಂದು ನಿಮ್ಮ ವಿಳಾಸ ಬರೆದುಕೊಂಡು ಹೋಗಿದ್ದಾರೆ. ಜನ ಪಟಾಕಿ ಹಚ್ಚಿದರು. ಆದರೆ ನನ್ನ ನೂಲಿಗೆ ಬಣ್ಣ ಹಾಕಿಕೊಡುವ ಸಾಹೇಬರು ಈಗ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಾರೆ. ಮೊದಲು ನಾವು ಕೂತಿದ್ದೆವು.

ಒಂದು ಮಾತು ಹೇಳಬೇಕು. ನೀವು ಹೋಗುವ ಮೊದಲು ಒಂದು ದಿನ ನಾನು ರಾಯರ ಮನೆಗೆ ಹೋದಾಗ ಪಡಸಾಲೆಯಲ್ಲಿ ತಕ್ಕಡಿ ಕಟ್ಟಿದ್ದರು. ಒಂದು ಪರಡಿಯಲ್ಲಿ ನಿಮ್ಮ ಅವ್ವನ ಕೌದಿ, ಇನ್ನೊಂದರಲ್ಲಿ ಹೊಳೆಯ ಮರಳು. ಹಿಡಿ ಹಿಡಿ ಹಾಕುತ್ತಿದ್ದರು, ತೆಗೆಯುತ್ತಿದ್ದರು. "ರಾಯರ, ಮರಳು ತೂಗಾಕ ಕುಂತೀರಲ್ಲ, ತಲಿ ನೆಟ್ಟಗೈತಿಲ್ರಿ?" ಅಂದೆ. ಅವರು, "ಕೌದಿ ಉಳೀಬೇಕಂದ್ರ ಅದರ ಸರಿಸಮ ಏನರ ಕೊಡಬೇಕಾಗ್ತದ ಮಹಾಂತಯ್ಯ. ಕಡಿಮಿ ಕೊಟ್ರ ಸುಂಕದವ ಒಪ್ಪಂಗಿಲ್ಲ" ಅಂದರು. ಕಡೆಗೆ ಮುಳ್ಳು ನೆಟ್ಟಗೆ ನಿಂತಿತು. ಆಮೇಲೆ ಅವರು ತಾವೇ ಸೂಜಿ ಹಿಡಿದು ಗಂಟು ಹೊಲಿದರು. ಜ್ವರದಲ್ಲೂ ಎರಡು ಮೂರು ಸಲ, "ಕೌದಿ ಮುಟ್ಟಿತಲ್ಲ ಮಹಾಂತಯ್ಯ, ಮಗಳು ಬರದಾಳ" ಅಂದರು. ಆ ಸಮಾಧಾನದಲ್ಲೇ ಹೋದರು.

ಲಕೋಟೆ ಕಳಿಸಲೋ, ಏನು ಮಾಡಲಿ?

ಇಂತಿ
ಮಹಾಂತಯ್ಯ


ಬೆಂಗಳೂರು
೨ ನವೆಂಬರ್ ೧೯೪೮

ಮಹಾಂತಯ್ಯ ಅಣ್ಣನವರಿಗೆ ನರ್ಮದಾಳ ನಮಸ್ಕಾರ.

ಲಕೋಟೆ ಒಡೆಯಬೇಡಿ. ಒಲೆಗೆ ಹಾಕಿ. ಅಪ್ಪ ಸಮಾಧಾನದಿಂದ ಹೋದದ್ದು ನನ್ನ ಸುಳ್ಳಿನಿಂದ. ನಿಮ್ಮ ಪತ್ರ ಬಂದು ಹತ್ತು ದಿನ ಆಯಿತು. ಆ ಸುಳ್ಳು ಬರೆದದ್ದಕ್ಕೆ ಅಳಬೇಕೋ, ಬರೆದಿದ್ದೆನಲ್ಲಾ ಎಂದು ದೇವರಿಗೆ ಕೈ ಮುಗಿಯಬೇಕೋ ಇನ್ನೂ ತಿಳಿದಿಲ್ಲ. ನಿಮಗೆ ನಿಜ ಹೇಳುತ್ತೇನೆ, ನೀವು ಆ ತಕ್ಕಡಿ ನೋಡಿದವರು. ಅಪ್ಪ ಹೇಳಿದ ಹಾಗೆ ನಾನು ಮಾಡಲಿಲ್ಲ. ಕೌದಿಯನ್ನು ಬಿಟ್ಟು ಮರಳನ್ನು ಹೊತ್ತು ತಂದೆ.

ಕೂಸು ಇದೆ. ಒಂಬತ್ತನೆಯ ದಿನ ದಾಟಿತು. ಈಗ ಒಂಬತ್ತು ಪೌಂಡು ಆಗಿದೆ. ಇವರೂ ಬಂದು ಸೇರಿದ್ದಾರೆ.

ಮರಳನ್ನು ಅಪ್ಪ ಚೆಲ್ಲು ಎಂದಿದ್ದರು, ಆ ಮಾತನ್ನೂ ನಾನು ಕೇಳಲಿಲ್ಲ. ಅದೇ ಖಾದಿ ಗಂಟಿನಲ್ಲಿ ಹಾಗೆಯೇ ಇದೆ. ಒಂದು ಕಾಳು ಹೋಗಿಲ್ಲ. ನಿಮ್ಮ ಪತ್ರ ಓದಿದ ದಿನ ನಾನು ಹೊಸ ಕೌದಿ ಹೊಲಿಯಲು ಕೂತೆ. ಇವರು ಕ್ಯಾಂಪಿನಲ್ಲಿ ಉಟ್ಟ ಎರಡು ಧೋತರ, ಇಂದಿರತ್ತೆಯ ಹಳೆಯ ಸೀರೆಗಳು, ನನ್ನದೊಂದು. ಅತ್ತೆಯವರು ನಾಲ್ಕು ದಿನ ದೂರದಿಂದ ನೋಡುತ್ತಿದ್ದರು. ಐದನೆಯ ದಿನ ಅಂದು ಒದ್ದೆ ಮಾಡಿದ್ದ ಮಡಿಸೀರೆಗಳಲ್ಲಿ ಒಂದನ್ನು ತಂದು ನನ್ನ ಮುಂದೆ ತಾವೇ ಹರಿದರು. "ಇದನ್ನ ಕೂಸಿನ ಎದಿ ಕಡೆ ಹಾಕು. ಮೈಲಿಗಿ ಆದ್ರ ಆಗಲಿ" ಎಂದರು. ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ.

ದಿನಾ ಸಂಜೆ ಬೀದಿ ಮೂಲೆಯ ಅಂಗಡಿಗೆ ಹೋಗಿ ಅವರ ತಕ್ಕಡಿ ಬೇಡಿಕೊಂಡು ತೂಗಿಸುತ್ತೇನೆ. ಒಂದು ಪರಡಿಯಲ್ಲಿ ಅಪ್ಪನ ಮರಳು, ಇನ್ನೊಂದರಲ್ಲಿ ನನ್ನ ಕೌದಿ. ಅಂಗಡಿಯವರು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡಿದ್ದಾರೆ. ಆರು ಪದರ ಆಗಿದೆ. ಮುಳ್ಳು ಇನ್ನೂ ಮರಳಿನ ಕಡೆಗೇ ವಾಲುತ್ತದೆ.

ಅರ್ಧ ಸೇರು ಸಾಲದಾಗಿದೆ. ನಿಮ್ಮ ಹತ್ತಿರ ನಾರಾಯಣಪೇಟೆ ಸೀರೆಯ ಹಳೆಯ ತುಂಡುಗಳು ಇದ್ದರೆ ಕಳಿಸಿ. ಹಸಿರು ಚೌಕಡಿ ಸಿಕ್ಕರೆ ಒಂದು ಅಂಗೈಯಷ್ಟಾದರೂ ಇರಲಿ. ಅಪ್ಪನ ತಕ್ಕಡಿ ನಿಮ್ಮಲ್ಲಿದ್ದರೆ ಅದರಲ್ಲೇ ತೂಗಿ ಕಟ್ಟಿ.

ನಿಮ್ಮ ತಂಗಿ
ನರ್ಮದಾ